ನಾಲ್ಕನೇ ಪುಟದ ಮಣಿಯನ್ನು ಮೊದಲಿಗೆ ತನ್ನಿ

ನಮಸ್ಕಾರ.

ಭ್ರೂಣದ ಮಿದುಳಿನಲ್ಲಿ ಎಫ್‌ಜಿಎಫ್‌8 ಎಂಬ ಬೆಳವಣಿಗೆ ಅಂಶ (ಜೀವಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನ್) ಮಧ್ಯಮಿದುಳು ಮತ್ತು ಹಿಮ್ಮಿದುಳಿನ ನಡುವೆ ಹೇಗೆ ಗಡಿ ಹಾಕುತ್ತದೆ ಎಂಬ ನಿಮ್ಮ ಲೇಖನ ಓದಿದೆ. ವಿಷಯ ನಮಗೆ ಬೇಕಾದದ್ದೇ. ಆದರೆ ಈಗಿರುವಂತೆ ಅಚ್ಚಿಗೆ ಕಳಿಸಲಾರೆ.

ಮೊದಲೆರಡು ಪುಟ ಕಿತ್ತುಹಾಕಿ. ಮಿದುಳು ಸೃಷ್ಟಿಯ ವಿಸ್ಮಯ, ಸೂಪರ್ ಕಂಪ್ಯೂಟರನ್ನೂ ಮೀರಿಸಿದ್ದು ಎಂಬುದನ್ನೆಲ್ಲ ಓದಿ ಓದಿ ಓದುಗರಿಗೂ ಸಾಕಾಗಿದೆ, ನನಗೂ. ಒಳ್ಳೆಯ ಸರಕು ನಾಲ್ಕನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಮುದುಡಿ ಕೂತಿದೆ: 1996ರಲ್ಲಿ ಕ್ರಾಸ್ಲಿ, ಮಾರ್ಟಿನೆಜ್, ಮಾರ್ಟಿನ್ ಮಾಡಿದ ಪ್ರಯೋಗ. ಎಫ್‌ಜಿಎಫ್‌8ರಲ್ಲಿ ನೆನೆಸಿದ ಪುಟ್ಟ ಮಣಿಯೊಂದನ್ನು ಅವರು ಕೋಳಿ ಭ್ರೂಣದ ಮುಮ್ಮಿದುಳಿನ ಹಿಂಬದಿಗೆ ಇಟ್ಟರು. ಮುಮ್ಮಿದುಳಿನ ಭಾಗವಾಗಬೇಕಿದ್ದ ಜೀವಕೋಶಗಳು ಮಧ್ಯಮಿದುಳಾಗಿ ಬೆಳೆದವು. ಅದೂ ಕನ್ನಡಿಯಲ್ಲಿ ಕಂಡಂತೆ, ಹಿಂದುಮುಂದಾಗಿ! ಇಂಥದ್ದನ್ನು ಯಾರಾದರೂ ಒಂದು ಸಾಲಿಗೆ ಮುಗಿಸುತ್ತಾರೆಯೇ? ಲೇಖನ ಶುರುವಾಗಬೇಕಾದ್ದೇ ಇಲ್ಲಿಂದ.

ಎಫ್‌ಜಿಎಫ್‌8 ಗದ್ದೆಗೆ ಬದು ಹಾಕುವ ರೈತನಿದ್ದಂತೆ ಎಂದಿದ್ದೀರಿ. ಹೋಲಿಕೆ ಚೆಂದ, ಆದರೆ ತಪ್ಪು. ಬದು ಎಲ್ಲಿ ಬೀಳಬೇಕೆಂಬುದು ಬೇರೆಯವರ ಜಗಳದಲ್ಲಿ ತೀರ್ಮಾನವಾಗುತ್ತದೆ. ಮುಂದಿನಿಂದ ಓಟಿಎಕ್ಸ್‌2, ಹಿಂದಿನಿಂದ ಜಿಬಿಎಕ್ಸ್‌2 ಎಂಬ ಜೀನ್‌ಗಳು ಒಂದನ್ನೊಂದು ಅದುಮುತ್ತವೆ. ಅವು ಎದುರಾಗುವಲ್ಲೇ ಗಡಿ. ಇಲಿಯಲ್ಲಿ ಜಿಬಿಎಕ್ಸ್‌2 ಕೆಡಿಸಿದರೆ ಮಧ್ಯಮಿದುಳು ಹಿಂದಕ್ಕೆ ಚಾಚಿಕೊಳ್ಳುತ್ತದೆ. ಎಫ್‌ಜಿಎಫ್‌8 ಆಮೇಲೆ ಆ ಗಡಿಯಲ್ಲಿ ನೆಲೆಯೂರಿ ಅದನ್ನು ಕಾಯುತ್ತದೆ, ಎರಡೂ ಬದಿಯ ಕೋಶಗಳಿಗೆ ಮುಂದಿನ ದಾರಿ ತೋರಿಸುತ್ತದೆ. ಅಲ್ಲಿ ಅದಿಲ್ಲದಿದ್ದರೆ ಕೋಶಗಳು ಸಾಯುತ್ತವೆ, ಮಧ್ಯಮಿದುಳೂ ಹಿಮ್ಮಿದುಳಿನಿಂದ ಹುಟ್ಟುವ ಕಿರುಮಿದುಳೂ ಬೆಳೆಯುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಜಾಣ ಓದುಗ ಕೇಳುತ್ತಾನೆ: ಸಂಕೇತ ಒಂದೇ ಆದರೆ ಆ ಕಡೆ ಮಧ್ಯಮಿದುಳು, ಈ ಕಡೆ ಕಿರುಮಿದುಳು ಹೇಗಾಯಿತು? ನಿಮ್ಮಲ್ಲಿ ಉತ್ತರವಿಲ್ಲ. ಸಂಕೇತದ ಬಲ ಹೆಚ್ಚಿದ್ದಲ್ಲಿ ಕಿರುಮಿದುಳು, ಕಡಿಮೆಯಿದ್ದಲ್ಲಿ ಮಧ್ಯಮಿದುಳು. ಜೊತೆಗೆ ಕೋಶದಲ್ಲಿ ಆಗಲೇ ಯಾವ ಜೀನ್ ಎಚ್ಚರವಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಒಂದು ಪುಟ ಕೊಡಿ, ಧಾರಾಳವಾಗಿ.

ಇಲಿಯ ಕಾರ್ಟೆಕ್ಸ್‌ನ (ಮಿದುಳಿನ ಹೊರಪದರದ) ಹಿಂಬದಿಗೂ ಎಫ್‌ಜಿಎಫ್‌8 ಒದಗಿಸಿದಾಗ ಮೀಸೆಯ ಸ್ಪರ್ಶವನ್ನು ಅರಿಯುವ ಅಲ್ಲಿನ ನಕ್ಷೆ ಎರಡೆರಡಾದ 2001ರ ಪ್ರಯೋಗ ಸೊಗಸಾಗಿದೆ, ಆದರೆ ಅದು ಕಾರ್ಟೆಕ್ಸ್‌ನ ಕತೆ. ಬೇರೆ ಲೇಖನಕ್ಕೆ ಎತ್ತಿಡಿ. ಆಟಿಸಂ ಗುಣಪಡಿಸುವ ಕನಸಿನ ಕೊನೆಯ ಪ್ಯಾರಾಕ್ಕೆ ನಿಮ್ಮ ಬರಹದಲ್ಲಿ ಆಧಾರವೇ ಇಲ್ಲ, ತೆಗೆಯಿರಿ.

ಜೀನ್‌ಗಳ ಹೆಸರು ಮೂರಕ್ಕಿಂತ ಹೆಚ್ಚು ಬೇಡ. ಮಣಿ ಇಟ್ಟ ಜಾಗ ತೋರಿಸುವ ಚಿತ್ರವೊಂದನ್ನು ಕೈಯಲ್ಲೇ ಬರೆದು ಕಳಿಸಿ, ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ.