ಪ್ರತಿಕ್ರಿಯೆ: ಅಪ್ಪನಿಗೆ ಟ್ಯಾಬ್ ಕೊಡಿಸಬಹುದೇ?

ಅಪ್ಪನಿಗೆ ಸಣ್ಣ ಅಕ್ಷರ ಕಾಣುತ್ತಿಲ್ಲ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋಗುವುದೂ ನಿಂತಿದೆ, ಟ್ಯಾಬ್‌ನಲ್ಲಿ ಕನ್ನಡ ಪುಸ್ತಕ ಓದಬಹುದಾ ಎಂದು ಕೇಳಿದ್ದೀರಿ. ಖಂಡಿತ ಓದಬಹುದು, ಕೊಡಿಸಿ. ಆದರೆ ಪುಸ್ತಕ ಯಾವ ರೂಪದಲ್ಲಿದೆ ಎಂದು ಮೊದಲು ನೋಡಿ.

ನಮ್ಮಮ್ಮನಿಗೆ ನಾನು ಮೊದಲು ಹಾಕಿಕೊಟ್ಟಿದ್ದು ಸ್ಕ್ಯಾನ್ ಮಾಡಿದ ಪಿಡಿಎಫ್. ಅದು ಪುಟದ ಫೋಟೊ ಅಷ್ಟೇ. ಅಕ್ಷರ ದೊಡ್ಡದು ಮಾಡಿದರೆ ಸಾಲಿನ ತುದಿ ಪರದೆಯಾಚೆ ಹೋಗುತ್ತದೆ. ಪ್ರತಿ ಸಾಲಿಗೂ ಬೆರಳಲ್ಲಿ ಎಳೆದು ಎಳೆದು ಎರಡೇ ಪುಟಕ್ಕೆ ಸಾಕಾಗಿ ಪಕ್ಕಕ್ಕಿಟ್ಟರು. ಇಪಬ್ ಎಂಬ ಇ-ಪುಸ್ತಕದ ಕಡತ ಹಾಗಲ್ಲ. ಅಕ್ಷರ ಎಷ್ಟು ದೊಡ್ಡದಾದರೂ ಸಾಲುಗಳು ಪರದೆಗೆ ತಕ್ಕಂತೆ ಮುರಿದು ಕೂರುತ್ತವೆ. ಅದರಲ್ಲಿರುವುದು ಫೋಟೊ ಅಲ್ಲ, ಯೂನಿಕೋಡ್ ಪಠ್ಯ, ಅಂದರೆ ಯಂತ್ರ ಅಕ್ಷರವಾಗಿಯೇ ಗುರುತಿಸುವ ಬರಹ. ಹಾಗಾಗಿ ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ ಕೂಡ. ಅಮ್ಮ ಈಗ ಮಧ್ಯಾಹ್ನ ಅದನ್ನೇ ಕೇಳುತ್ತಾ ಸೊಪ್ಪು ಬಿಡಿಸುತ್ತಾರೆ.

ಇಪಬ್‌ಗೆ ಕನ್ನಡ ವಿಕಿಸೋರ್ಸ್ ಎಂಬ ಆನ್‌ಲೈನ್ ಗ್ರಂಥಾಲಯ ನೋಡಿ, ಉಚಿತ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಕೃತಿಗಳಿಗೆ ಹಕ್ಕುಸ್ವಾಮ್ಯ ಇರುವುದಿಲ್ಲ, ಹಾಗಾಗಿ ಅಲ್ಲಿ ಹಳೆಯದೇ ಹೆಚ್ಚು. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಕನ್ನಡ ಪುಸ್ತಕಗಳ ರಾಶಿ ಇದೆ, ಬಹುಪಾಲು ಸ್ಕ್ಯಾನ್. ಅದಕ್ಕೆ ಹತ್ತು ಇಂಚಿನ ಪರದೆಯೇ ಬೇಕು.

ಒಂದು ಮಾತು, ಟ್ಯಾಬ್ ಬಂತು ಎಂದು ಗ್ರಂಥಾಲಯ ಪೂರ್ತಿ ಬಿಡಿಸಬೇಡಿ. ತಿಂಗಳಿಗೊಮ್ಮೆ ನೀವೇ ಕರೆದುಕೊಂಡು ಹೋಗಿ.