ಅಮ್ಮನ ಆಪರೇಷನ್‌ಗೆ ಪಿಎಫ್ ಸಾಲ ತೆಗೆಯಲಾ, ಹೆಂಡತಿಯ ಸರ ಅಡ ಇಡಲಾ?

ಪ್ರಶ್ನೆ: ನನಗೆ 36 ವರ್ಷ. ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಆಪರೇಷನ್‌ಗೆ 1.8 ಲಕ್ಷ ಹೇಳಿದ್ದಾರೆ. ಕೈಯಲ್ಲಿ 40 ಸಾವಿರ ಇದೆ. ಪಿಎಫ್‌ನಲ್ಲಿ 4.2 ಲಕ್ಷ ಇದೆ, ಬೇಸಿಕ್ 18 ಸಾವಿರ. ಪಿಎಫ್ ಸಾಲ ತೆಗೆಯೋಣ ಅಂತ ನಾನು, ಸರ ಅಡ ಇಡೋಣ ಅಂತ ನನ್ನ ಹೆಂಡತಿ. ಯಾವುದು ಸರಿ?

ಉತ್ತರ:

ಅಮ್ಮ ಬೇಗ ಹುಷಾರಾಗಲಿ. ದುಡ್ಡಿನ ಮಾತಿಗೆ ಬರುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ನಿಮ್ಮ ಒಟ್ಟು ಸಂಬಳ 21 ಸಾವಿರದ ಒಳಗಿದ್ದು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಟ್ ಆಗುತ್ತಿದ್ದರೆ, ನಿಮ್ಮನ್ನೇ ನಂಬಿಕೊಂಡಿರುವ ತಾಯಿಗೂ ಅದು ಅನ್ವಯಿಸುತ್ತದೆ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಷ್ಟೋ ಜನ ಗಾಬರಿಯಲ್ಲಿ ಇದನ್ನು ವಿಚಾರಿಸುವುದೇ ಇಲ್ಲ. ಆಸ್ಪತ್ರೆಯ ಕೌಂಟರ್‌ನಲ್ಲಿ ಇವತ್ತೇ ಕೇಳಿ.

ಎರಡೂ ಇಲ್ಲ ಅಂದುಕೊಂಡು ಮುಂದಿನದು ಬರೆಯುತ್ತೇನೆ.

ನಾವೆಲ್ಲ ‘ಪಿಎಫ್ ಲೋನ್’ ಅಂತೀವಿ. ಅದು ಲೋನ್ ಅಲ್ಲ. ಬಡ್ಡಿ ಇಲ್ಲ, ಕಂತು ಇಲ್ಲ, ವಾಪಸ್ ಕಟ್ಟಿ ಅಂತ ಯಾರೂ ಕೇಳುವುದಿಲ್ಲ. ಫಾರಂನಲ್ಲಿ ‘ಅಡ್ವಾನ್ಸ್’ ಅಂತಲೇ ಇರುತ್ತದೆ. 58ಕ್ಕೆ ಸಿಗಬೇಕಾದ ದುಡ್ಡನ್ನು 36ಕ್ಕೇ ಎತ್ತಿಕೊಳ್ಳುತ್ತೀರಿ, ಅಷ್ಟೇ. ಯಾರೂ ಕೇಳುವುದಿಲ್ಲವಲ್ಲ ಅಂತ ನಿಮಗೆ ಈಗ ಸಮಾಧಾನ ಆಗಬಹುದು. ನಾನು ಕೆಟ್ಟದ್ದು ಅದರಿಂದಲೇ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕೆಲಸಗಾರರ ಪಿಎಫ್ ಫಾರಂಗಳನ್ನು ತುಂಬಿಕೊಡುವುದೂ ನನ್ನ ಪಾಲಿಗೇ ಬಂದಿದೆ. 2013ರ ಮಾರ್ಚ್‌ನಲ್ಲಿ ನಮ್ಮ ತಂದೆಗೆ ಹೃದಯದ ಆಪರೇಷನ್ ಆಯಿತು. ಆಗೆಲ್ಲ ಪಿಎಫ್ ಅಡ್ವಾನ್ಸ್‌ಗೆ ಫಾರಂ 31 ಕೈಯಲ್ಲಿ ತುಂಬಬೇಕು, ಡಾಕ್ಟರ್ ಸರ್ಟಿಫಿಕೇಟ್ ಇಡಬೇಕು, ಮಾಲೀಕರ ಸಹಿ, ಸೀಲು ಹಾಕಿಸಬೇಕು. ಬೇರೆಯವರದ್ದು ತುಂಬಿ ತುಂಬಿ ಕೈ ಪಳಗಿದ್ದ ನಾನು, ನನ್ನದನ್ನು ತುಂಬುವಾಗ ಬ್ಯಾಂಕ್ ಖಾತೆಯ ಒಂದು ಅಂಕಿ ತಪ್ಪು ಬರೆದಿದ್ದೆ. ಫಾರಂ ವಾಪಸ್ ಬಂತು. ದುಡ್ಡು ಕೈ ಸೇರುವ ಹೊತ್ತಿಗೆ ಅಪ್ಪ ಮನೆಗೆ ಬಂದು ಗಂಜಿ ಕುಡಿಯುತ್ತಿದ್ದರು. ಬಿಲ್ಲು ಕಟ್ಟಿದ್ದು ನನ್ನ ಹೆಂಡತಿಯ ಎರಡೆಳೆ ಸರ.

ಬಂದ 60 ಸಾವಿರವನ್ನು ಅವತ್ತೇ ತೆಗೆದುಕೊಂಡು ಹೋಗಿ ಸರ ಬಿಡಿಸಬೇಕಿತ್ತು. ಬಿಡಿಸಲಿಲ್ಲ. ಮಗಳ ಸ್ಕೂಲ್ ಫೀಸು ಬಂತು, ಊರ ಹಬ್ಬ ಬಂತು, ಟಿವಿಯೂ ಅದೇ ಹೊತ್ತಿಗೆ ಕೆಟ್ಟಿತು. ಆದರೆ ಸರ ನನ್ನನ್ನು ಸುಮ್ಮನೆ ಬಿಡಲಿಲ್ಲ. ಬ್ಯಾಂಕಿನಿಂದ ನೋಟಿಸು ಬಂತು. ಮದುವೆಮನೆಗೆ ಹೊರಡುವಾಗಲೆಲ್ಲ ಅವಳು ಬರೀ ಕುತ್ತಿಗೆ ಮುಟ್ಟಿಕೊಂಡು ನನ್ನ ಮುಖ ನೋಡುತ್ತಿದ್ದಳು. ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಅದೇ ಜಾಸ್ತಿ ಕಷ್ಟ. 14 ತಿಂಗಳಿಗೆ ಬಿಡಿಸಿಕೊಂಡು ಬಂದೆ. ಪಿಎಫ್ ಕಡೆಯಿಂದ ಮಾತ್ರ ಒಂದು ಚೂರು ಕಾಗದವೂ ಬರಲಿಲ್ಲ.

2020ರಲ್ಲಿ ಕೊರೊನಾ ಅಡ್ವಾನ್ಸ್ ಬಿಟ್ಟರು. ಮೂರು ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ), ಇಲ್ಲವೇ ಖಾತೆಯ ಶೇ. 75, ಎರಡರಲ್ಲಿ ಯಾವುದು ಕಡಿಮೆಯೋ ಅದು. ನಮ್ಮಲ್ಲಿ ಎಷ್ಟೋ ಜನಕ್ಕೆ ನಿಜಕ್ಕೂ ಅಕ್ಕಿ ತರಲು ದುಡ್ಡಿರಲಿಲ್ಲ. ಅವರ ಕ್ಲೇಮ್‌ಗಳನ್ನು ರಾತ್ರಿ ಕೂತು ಹಾಕಿಕೊಟ್ಟೆ, ಅದಕ್ಕೆ ಬೇಜಾರಿಲ್ಲ. ನನಗೆ ಪೂರ್ತಿ ಸಂಬಳ ಬರುತ್ತಿತ್ತು. ಎಲ್ಲರದ್ದೂ ಹಾಕಿದ್ದೀನಲ್ಲ, ನನ್ನದೂ ಒಂದಿರಲಿ ಅಂತ ಹಾಕಿಕೊಂಡೆ. ವಾಷಿಂಗ್ ಮೆಷಿನ್ ಬಂತು.

ಈಗ ನನಗೆ 57. ಮುಂದಿನ ವರ್ಷ ಮನೆಗೆ. ಪಾಸ್‌ಬುಕ್ ತೆರೆದರೆ ಅಪ್ಪನ ಆಪರೇಷನ್‌ಗೆ ಹಾಕಿದ್ದ ಆ ಹಳೆಯ ಕ್ಲೇಮ್ ‘ಪ್ಯಾರಾ 68ಜೆ’ (ಕಾಯಿಲೆಗೆ ದುಡ್ಡು ಎತ್ತುವ ನಿಯಮ) ಅಂತ ಒಂದೇ ಸಾಲಿನಲ್ಲಿ ಕೂತಿದೆ. ಆ 60 ಸಾವಿರ ಅಲ್ಲೇ ಇದ್ದಿದ್ದರೆ, ವರ್ಷ ವರ್ಷ ಘೋಷಿಸಿದ ಬಡ್ಡಿ ಸೇರಿಸಿ 2025ರ ಮಾರ್ಚ್‌ಗೆ ಹತ್ತಿರ ಹತ್ತಿರ 1.6 ಲಕ್ಷ ಆಗುತ್ತಿತ್ತು. ಕ್ಯಾಲ್ಕುಲೇಟರ್ ಒತ್ತಿ ನೋಡಬಾರದಿತ್ತು, ನೋಡಿಬಿಟ್ಟೆ.

ನಿಮ್ಮ ಲೆಕ್ಕಕ್ಕೆ ಬರೋಣ. ಖಾತೆಯಲ್ಲಿ 4.2 ಲಕ್ಷ ಇದೆ ಅಂದಮಾತ್ರಕ್ಕೆ ಅಷ್ಟೂ ಸಿಗುವುದಿಲ್ಲ. ಕಾಯಿಲೆಯ ಕಾರಣಕ್ಕೆ ನಾವು ಇಷ್ಟು ವರ್ಷ ಹಾಕುತ್ತಿದ್ದ 68ಜೆ ಪ್ರಕಾರ, ಆರು ತಿಂಗಳ ಬೇಸಿಕ್ ಮತ್ತು ಡಿಎ, ಅಥವಾ ನಿಮ್ಮ ಸಂಬಳದಿಂದ ಕಟ್ ಆದ ಪಾಲು ಬಡ್ಡಿ ಸಮೇತ, ಯಾವುದು ಕಡಿಮೆಯೋ ಅಷ್ಟು. ಡಿಎ ಬೇರೆ ಇಲ್ಲದಿದ್ದರೆ ನಿಮಗೆ 18 ಸಾವಿರ ಗುಣಿಸು 6, ಅಂದರೆ 1,08,000. 2025ರ ಅಕ್ಟೋಬರ್ 13ರಂದು ಪಿಎಫ್ ಟ್ರಸ್ಟಿಗಳ ಮಂಡಳಿ ಇದನ್ನೆಲ್ಲ ಬದಲಾಯಿಸಲು ತೀರ್ಮಾನಿಸಿತು. ದುಡ್ಡು ಎತ್ತಲು ಇದ್ದ 13 ಬಗೆಯ ಕಾರಣಗಳು ಮೂರು ಗುಂಪಾಗುತ್ತವೆ, 12 ತಿಂಗಳ ಸರ್ವಿಸ್ ಸಾಕು, ಖಾತೆಯಲ್ಲಿ ಶೇ. 25 ಮಾತ್ರ ಯಾವಾಗಲೂ ಉಳಿದಿರಬೇಕು. ಆ ಲೆಕ್ಕ ಹಿಡಿದರೆ ನಿಮಗೆ 3.15 ಲಕ್ಷದವರೆಗೂ ಬರುತ್ತದೆ. ಕ್ಲೇಮ್ ಹಾಕುವ ದಿನ ಪಿಎಫ್ ಪೋರ್ಟಲ್‌ನಲ್ಲಿ ಎಷ್ಟು ತೋರಿಸುತ್ತದೋ ಅದೇ ಕೊನೆ ಮಾತು. ಆದರೆ ತೋರಿಸಿದ್ದನ್ನೆಲ್ಲ ಎತ್ತಬೇಡಿ. ಬಿಲ್ಲಿಗೆ ಬೇಕಾದಷ್ಟೇ ಅಂಕಿ ಬರೆಯಿರಿ. ಇದು ನಿಮ್ಮ ಪೆನ್ಶನ್ ಭಾಗವನ್ನು ಮುಟ್ಟುವುದಿಲ್ಲ, ಆ ಚಿಂತೆ ಬೇಡ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ನಿಮಗೆ ಬೇಕಾಗಿರುವುದು 1.4 ಲಕ್ಷ. ಸರ ಇವತ್ತೇ ಬ್ಯಾಂಕಿಗೆ ಕೊಂಡೊಯ್ಯುತ್ತಿದ್ದೆ. ಯಾಕೆಂದರೆ ಅಲ್ಲಿ ಒಂದೆರಡು ಗಂಟೆಯಲ್ಲಿ ದುಡ್ಡು ಕೈಗೆ ಬರುತ್ತದೆ, ಆಸ್ಪತ್ರೆಯವರು ಅಡ್ವಾನ್ಸ್ ಕಟ್ಟಿ ಅನ್ನುವುದು ನಾಳೆ ಬೆಳಿಗ್ಗೆಯೇ. ಬೀದಿ ಕೊನೆಯ ಗಿರವಿ ಅಂಗಡಿ ಬೇಡ, ಮೀಟರ್ ಬಡ್ಡಿಯವರ ಹೆಸರೂ ಎತ್ತಬೇಡಿ. ಇವತ್ತು ರಾತ್ರಿಯೇ ಪಿಎಫ್‌ಗೆ 1 ಲಕ್ಷಕ್ಕೆ ಕ್ಲೇಮ್ ಹಾಕಿ. 2025ರ ಜೂನ್‌ನಿಂದ 5 ಲಕ್ಷದವರೆಗಿನ ಕ್ಲೇಮ್‌ಗಳು ಕಂಪ್ಯೂಟರ್‌ನಲ್ಲೇ ಪಾಸಾಗುವ ವ್ಯವಸ್ಥೆ ಬಂದಿದೆ. ದಾಖಲೆ ಸರಿಯಿದ್ದರೆ ಕೆಲವೇ ದಿನ. ಆ ಲಕ್ಷ ಬಂದ ದಿನ ಮನೆಗೆ ಹೋಗಬೇಡಿ, ನೇರ ಚಿನ್ನದ ಸಾಲದ ಕೌಂಟರ್‌ಗೆ ಹೋಗಿ. ಉಳಿಯುವುದು 40 ಸಾವಿರ. ಶೇ. 10 ಬಡ್ಡಿ ಅಂದುಕೊಂಡರೂ ವರ್ಷಕ್ಕೆ 4 ಸಾವಿರ. ಬೋನಸ್ ಬಂದಾಗ ಸರ ಬಿಡಿಸಬಹುದು.

ಪಿಎಫ್‌ನಿಂದ ಎತ್ತಿದ ಲಕ್ಷ ವಾಪಸ್ ಹೋಗಬೇಕಲ್ಲ? ಅದಕ್ಕೆ ದಾರಿ ಇದೆ. ವಿಪಿಎಫ್ ಅಂತ ಕೇಳಿರಬಹುದು, ಅಂದರೆ ಸಂಬಳದಿಂದ ಪಿಎಫ್‌ಗೆ ಕಟ್ ಆಗುವ ನಿಮ್ಮ ಶೇ. 12ರ ಮೇಲೆ ನೀವಾಗಿಯೇ ಹೆಚ್ಚಿಗೆ ಕಟ್ಟುವುದು. ಬಡ್ಡಿ ಪಿಎಫ್‌ದೇ. ತಿಂಗಳಿಗೆ 3 ಸಾವಿರ ಕಟ್ ಮಾಡಿ ಅಂತ ಅಕೌಂಟ್ಸ್‌ನವರಿಗೆ ಒಂದು ಅರ್ಜಿ ಕೊಡಿ. 34 ತಿಂಗಳಲ್ಲಿ ಲಕ್ಷ ತುಂಬುತ್ತದೆ. ನಮ್ಮಲ್ಲಿ ಇದನ್ನು ಏಪ್ರಿಲ್‌ನಲ್ಲಿ ಮಾತ್ರ ತೆಗೆದುಕೊಳ್ಳುತ್ತೇವೆ, ನಿಮ್ಮಲ್ಲಿ ಹೇಗೆ ಅಂತ ಕೇಳಿ. ಏಪ್ರಿಲ್‌ವರೆಗೆ ಕಾಯಬೇಕು ಅಂದರೆ ಅಲ್ಲಿವರೆಗೆ ಆರ್‌ಡಿಗೆ ಹಾಕಿ. ತುಂಬಿಸದೇ ಬಿಟ್ಟರೆ ಎಷ್ಟು ಕೈತಪ್ಪುತ್ತದೆ ಅಂತಲೂ ಹೇಳಿಬಿಡುತ್ತೇನೆ. 2024-25ರ ಬಡ್ಡಿ ಶೇ. 8.25. ಅದೇ ದರ ಮುಂದುವರಿದರೆ ನಿಮ್ಮ 1 ಲಕ್ಷ 22 ವರ್ಷದಲ್ಲಿ ಸುಮಾರು 5.7 ಲಕ್ಷ ಆಗುತ್ತದೆ.

ಹಾಗಾಗಿ ನಿಮ್ಮ ಮನೆಯವರು ಹೇಳಿದ್ದು ಅರ್ಧ ಸರಿ, ನೀವು ಹೇಳಿದ್ದು ಅರ್ಧ ಸರಿ. ಯಾರ ಅರ್ಧ ದೊಡ್ಡದು ಅಂತ ಕೇಳಿದರೆ ನಾನು ಅವರ ಕಡೆ.

ಕ್ಲೇಮ್ ಒತ್ತುವ ಮುಂಚೆ ಹೆಸರು ನೋಡಿಕೊಳ್ಳಿ. ನಮ್ಮ ಕಡೆಯವರ ದೊಡ್ಡ ತಲೆನೋವು ಇನಿಷಿಯಲ್. ಆಧಾರ್‌ನಲ್ಲಿ ‘ಶಿವಣ್ಣ ಕೆ ಆರ್’, ಪಿಎಫ್‌ನಲ್ಲಿ ‘ಕೆ ಆರ್ ಶಿವಣ್ಣ’, ಬ್ಯಾಂಕಿನಲ್ಲಿ ಅಪ್ಪನ ಹೆಸರನ್ನೂ ಬಿಡಿಸಿ ಬರೆದ ಇನ್ನೊಬ್ಬ ಶಿವಣ್ಣ. ಮನುಷ್ಯ ಒಬ್ಬನೇ ಅಂತ ನಮಗೆ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ನನ್ನ ಕೈಯಲ್ಲಿ ವಾಪಸ್ ಬಂದ ಕ್ಲೇಮ್‌ಗಳಲ್ಲಿ ಇಂಥವೇ ಜಾಸ್ತಿ. ಹೆಸರು ತಪ್ಪಿದ್ದರೆ ಮೊದಲು ಜಾಯಿಂಟ್ ಡಿಕ್ಲರೇಷನ್ (ಪಿಎಫ್ ದಾಖಲೆ ತಿದ್ದುವ ಅರ್ಜಿ) ಹಾಕಿ ಸರಿಮಾಡಿಸಬೇಕು. ಅದಕ್ಕೆ ದಿನ ಹಿಡಿಯುತ್ತದೆ, ಸರ ಮೊದಲು ಅಂದಿದ್ದು ಅದಕ್ಕೂ ಸೇರಿ. ಹಿಂದಿನ ಕಂಪನಿಯ ಪಿಎಫ್ ಈಗಿನ ಖಾತೆಗೆ ವರ್ಗ ಆಗಿದೆಯಾ ಅನ್ನುವುದನ್ನೂ ಪಾಸ್‌ಬುಕ್‌ನಲ್ಲಿ ನೋಡಿ. ಬ್ಯಾಂಕ್ ಖಾತೆ ಸಂಖ್ಯೆಯನ್ನು ಎರಡು ಸಲ ಓದಿ, ಒಂದು ಸಲ ಮನೆಯವರ ಕೈಯಲ್ಲಿ ಓದಿಸಿ.

ಎಲ್ಲಾದರೂ ಸಿಕ್ಕಿಹಾಕಿಕೊಂಡರೆ, ಪೋರ್ಟಲ್ ಏನು ಕಾರಣ ತೋರಿಸುತ್ತಿದೆ ಅಂತ ಇಲ್ಲೇ ಬರೆಯಿರಿ, ರಾತ್ರಿ ಒಂಬತ್ತರ ಮೇಲೆ ನೋಡುತ್ತೇನೆ. ಯುಎಎನ್ (ನಿಮ್ಮ ಪಿಎಫ್) ನಂಬರು, ಒಟಿಪಿ ಮಾತ್ರ ಇಲ್ಲಿ ಹಾಕಬೇಡಿ.