52 ಪ್ರಶ್ನೆಗಳಿಗೆ ಉತ್ತರ ಬರೆಯಲೇಬೇಕೇ?

ಪ್ರಶ್ನೆ: ಹೂಟಗಳ್ಳಿಯಲ್ಲಿ ಲೋಹದ ಬಿಡಿಭಾಗಗಳಿಗೆ ಸತುವಿನ ಲೇಪನ ಮಾಡುವ ನನ್ನದೊಂದು ಸಣ್ಣ ಜಿಂಕ್ ಪ್ಲೇಟಿಂಗ್ ಘಟಕವಿದೆ, ಹದಿನಾಲ್ಕು ಕೆಲಸಗಾರರಿದ್ದಾರೆ. ನಮ್ಮಿಂದ ಮಾಲು ಪಡೆಯುವ ದೊಡ್ಡ ಕಂಪನಿ 52 ಪ್ರಶ್ನೆಗಳ ಪಟ್ಟಿ ಕಳಿಸಿದೆ. ನೀರು ಎಷ್ಟು ಬಳಸುತ್ತೀರಿ, ಕೊಳೆ ನೀರನ್ನು ಶುದ್ಧೀಕರಿಸಿದಾಗ ಉಳಿಯುವ ಕೆಸರು ಎಲ್ಲಿಗೆ ಹೋಗುತ್ತದೆ, ಕೂಲಿ ಎಷ್ಟು ಎಂದೆಲ್ಲ ಕೇಳಿದ್ದಾರೆ. ಇದರಿಂದ ಪೂರೈಕೆ ಸರಪಳಿ ಗಟ್ಟಿಯಾಗುತ್ತದಂತೆ. ನನಗೇನು ಲಾಭ?
– ಓದುಗರೊಬ್ಬರು, ಮೈಸೂರು

ಉತ್ತರ: ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದವನು ನಾನು. ಇಂಥ ಪಟ್ಟಿಗಳನ್ನು ಕಳಿಸಿದ್ದೇನೆ, ತುಂಬಿ ಬಂದವನ್ನು ಓದದೆ ಕಡತಕ್ಕೆ ಸೇರಿಸಿಯೂ ಇದ್ದೇನೆ. ಒಂದು ಬ್ರಾಕೆಟ್ಟಿಗೆ ಲೇಪನ ಮಾಡಿಕೊಡಲು ನಮಗಿದ್ದದ್ದು ಒಂದೇ ಘಟಕ. ದರ ಅಗ್ಗ. ವಿಷದ ನೀರನ್ನು ಶುದ್ಧೀಕರಿಸದೆ ಚರಂಡಿಗೆ ಬಿಡುತ್ತಿದ್ದುದರಿಂದಲೇ ಆ ಅಗ್ಗ ಎಂಬುದನ್ನು ನಾವು ವಿಚಾರಿಸಲೇ ಇಲ್ಲ. ಒಂದು ಸೋಮವಾರ ಆ ಘಟಕಕ್ಕೆ ಬೀಗ ಬಿತ್ತು. ಏಳು ರೂಪಾಯಿಯ ಬ್ರಾಕೆಟ್ಟಿಲ್ಲದೆ ನಮ್ಮ ಜೋಡಣೆ ಹನ್ನೊಂದು ದಿನ ನಿಂತಿತು. ಕೆಸರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು, ಬರುವ ತಿಂಗಳು ನಿಮ್ಮ ಬಾಗಿಲು ತೆರೆದಿರುತ್ತದೆಯೇ ಎಂದೇ ಕೇಳುತ್ತಿದ್ದಾರೆ.

ಒತ್ತಾಯ ಅವರಿಗೂ ಇದೆ. ಷೇರುಪೇಟೆಯ ಅಗ್ರ 1000 ಕಂಪನಿಗಳು 2022-23ರಿಂದ ಪರಿಸರ ಹಾಗೂ ಸಾಮಾಜಿಕ ಹೊಣೆಯ ವರದಿ ಕೊಡಬೇಕೆಂಬುದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮ.

ನೀರಿನ ಪ್ರಶ್ನೆಯನ್ನಂತೂ ಹಗುರವಾಗಿ ಕಾಣಬೇಡಿ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಅಂಥ ವರ್ಷ ಟ್ಯಾಂಕರನ್ನೇ ನಂಬಿದ ಪ್ಲೇಟಿಂಗ್ ಘಟಕ ಏನು ಮಾಡೀತು? ಲೇಪನವಾದ ಮಾಲನ್ನು ಒಂದೇ ತೊಟ್ಟಿಯಲ್ಲಿ ತೊಳೆಯುತ್ತಿದ್ದರೆ ಮೂರು ತೊಟ್ಟಿ ಸಾಲಾಗಿಡಿ. ಹೊಸ ನೀರನ್ನು ಕೊನೆಯ ತೊಟ್ಟಿಗೆ ಬಿಟ್ಟು ಮಾಲು ಬರುವ ದಿಕ್ಕಿಗೆ ಎದುರಾಗಿ ಹಿಂದಕ್ಕೆ ಹರಿಸಿ. ಅದೇ ನೀರು ಮೂರು ಸಲ ದುಡಿಯುತ್ತದೆ, ಶುದ್ಧೀಕರಿಸಬೇಕಾದ ನೀರೂ ಇಳಿಯುತ್ತದೆ. ಕಂಪನಿಗಾಗಿ ಅಲ್ಲ, ನಿಮಗಾಗಿ ಮಾಡಿ.

ಇನ್ನು ನಿಮ್ಮ ಸಿಟ್ಟಿನಲ್ಲಿ ನ್ಯಾಯವಿರುವ ಕಡೆ. ಸರಪಳಿ ಗಟ್ಟಿಯಾಗಬೇಕು ಎನ್ನುವ ಕಂಪನಿಯೇ ನಿಮ್ಮ ಬಿಲ್ಲನ್ನು ತೊಂಬತ್ತು ದಿನ ಕೂರಿಸಿದರೆ, ಶುದ್ಧೀಕರಣದ ಪಂಪು ಕೆಟ್ಟಾಗ ನೀವು ರಿಪೇರಿ ಮಾಡಿಸುವುದು ಯಾವ ದುಡ್ಡಿನಲ್ಲಿ? ನಾನೂ ಹಾಗೆ ಕೂರಿಸಿದವನೇ. ಆಗ ಅದನ್ನು ಜಾಣತನ ಎಂದುಕೊಂಡಿದ್ದೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ಕೇಳಿದರೆ ಗಿರಾಕಿ ಹೋಗುತ್ತಾನೆ ಎಂಬ ನಿಮ್ಮ ಭಯ ಸುಳ್ಳಲ್ಲ. ಬಡ್ಡಿ ಕೇಳಬೇಡಿ. ಸಣ್ಣ ಘಟಕಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಮೊದಲು ಮಾಡಿಸಿ. 52 ಉತ್ತರಗಳನ್ನೂ ಇದ್ದದ್ದು ಇದ್ದಂತೆ ಬರೆದು, ಕೆಸರು ಸಾಗಿಸಿದ ರಸೀದಿಗಳನ್ನು ಲಗತ್ತಿಸಿ, ಕೊನೆಯಲ್ಲಿ 53ನೆಯದಾಗಿ ನಿಮ್ಮ ಪ್ರಶ್ನೆಯನ್ನು ಸೇರಿಸಿ: ನಮ್ಮ ಬಿಲ್ ಎಷ್ಟು ದಿನದಲ್ಲಿ ಪಾವತಿಸುತ್ತೀರಿ?